ಹೊಸ ಗೋಡೆಯ ಕಿಂಡಿ

ಸುರಪುರದಿಂದ ನಾರಾಯಣಪುರಕ್ಕೆ ಹೋಗುವಾಗ, ಕಾಲುವೆ ದಾಟಿದ ಮೇಲೆ, ಕೃಷ್ಣೆಯ ನೆರೆಯಲ್ಲಿ ಮನೆ ಕಳೆದುಕೊಂಡವರ ಹೊಸ ಊರು ಸಿಕ್ಕಿತು. ಕುಡಿಯಲು ನೀರು ಕೇಳೋಣವೆಂದು ಒಂದು ಮನೆ ಹೊಕ್ಕರೆ, ಶರಣಮ್ಮ ಎಂಬ ಹಿರಿಯ ಹೆಂಗಸು ಅಡುಗೆಮನೆಯ ಹೊಸ ಗೋಡೆಯನ್ನೇ ಹಾರೆಯಿಂದ ಒಡೆಯುತ್ತಿದ್ದರು. ಬಿರುಕು ಬಿಟ್ಟಿರಬೇಕು ಎಂದುಕೊಂಡೆ.

“ಗ್ವಾಡಿ ಯಾಕ್ ಒಡಿಯಾಕತ್ತೀರಿ, ಅವ್ವಾ?”

“ಹಳೀ ಮನ್ಯಾಗ ನನಗೂ ಬಾಜೂ ಮನಿ ದೇವಮ್ಮಗೂ ನಡುವ ಕಿಂಡಿ ಇತ್ರಿ. ಪಲ್ಯ, ಮಾತು ಎಲ್ಲಾ ಅದ್ರಾಗೇ ಹಾಯ್ತಿದ್ವು. ಇಲ್ಲಿ ಚೀಟಿ ಎತ್ತಿ ಆಕೀನ್ನ ಆ ತುದಿಗೆ ಒಗದಿದ್ರು. ಮನಿ ಅದಲಾಬದಲಿ ಮಾಡ್ಕೊಂಡು ಮತ್ತ ಬಾಜೂಕ ಬಂದಾಳ. ಕಿಂಡಿ ಒಂದು ಬಾಕಿ ಉಳದದ.”

ಕೊನೆಯ ಇಟ್ಟಿಗೆ ಆಚೆ ಬಿತ್ತು. ಅದರ ಹಿಂದೆಯೇ ಹಸಿರು ಬಳೆಯ ಕೈಯೊಂದು ಪುಂಡಿಪಲ್ಯದ ಬಟ್ಟಲು ಹಿಡಿದು ಈಚೆ ಬಂತು.

“ಧೂಳು ಬೀಳಾಕತ್ತದ, ತಡಿಯವ್ವಾ,” ಎಂದರು ಶರಣಮ್ಮ.

ಕೈ ಹಿಂದೆ ಸರಿಯಲಿಲ್ಲ.