ದೊಡ್ಡದಕ್ಕೆ ದಪ್ಪ ಕೇಬಲ್

ನನ್ನ ಗಂಡ ಮಲ್ಲೇಶ್ ಕಂಪ್ಯೂಟರಿನಲ್ಲಿ ಆಟ ಆಡುವುದಿಲ್ಲ. ಆಟದ ಚಿತ್ರ ನೋಡುತ್ತಾರೆ. ಎರಡೂ ಬೇರೆ ಬೇರೆ ಎಂದು ತಿಳಿಯಲು ನನಗೇ ಬಹಳ ಕಾಲ ಹಿಡಿಯಿತು. ಆಟದೊಳಗೆ ಊರಿಗೆ ಬೆಂಕಿ ಬಿದ್ದಿರುತ್ತದೆ, ಜನ ಕಿರುಚುತ್ತಾ ಓಡುತ್ತಿರುತ್ತಾರೆ. ಇವರು ಮಾತ್ರ ಯಾರದೋ ಬೇಲಿಯ ಮುಂದೆ ನಿಂತು ತಂತಿ ನಡುಗುತ್ತಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿರುತ್ತಾರೆ. ಕಥಾನಾಯಕ ಇವತ್ತಿಗೂ ಮೊದಲನೇ ಊರು ದಾಟಿಲ್ಲ. ಪಾಪ, ಅವನ ಹಣೆಬರಹ.

ಮಾಚೇನಹಳ್ಳಿಯಲ್ಲಿ ಇವರದೊಂದು ಸಣ್ಣ ವರ್ಕ್‌ಶಾಪ್ ಇದೆ, ಟ್ರ್ಯಾಕ್ಟರಿಗೆ ಬೇಕಾದ ಕ್ಲಾಂಪು, ಬ್ರಾಕೆಟ್ಟು ಮಾಡಿಸುತ್ತಾರೆ. ಮನೆ ಶಿವಮೊಗ್ಗದ ರಾಗಿಗುಡ್ಡದ ಹತ್ತಿರ. ಮನೆಯ ಯಜಮಾನರು ಮಾತ್ರ ಈಗಲೂ ನನ್ನ ಮಾವ ಪರಮೇಶ್ವರಪ್ಪನವರು. ಲಿಂಗಪೂಜೆ ಮುಗಿಸಿ, ಹಣೆ ತುಂಬಾ ವಿಭೂತಿ ಧರಿಸಿ ಹಾಲಿನಲ್ಲಿ ಬಂದು ಕೂತರೆಂದರೆ ಗೋಡೆಯ ಬಣ್ಣದಿಂದ ಹಿಡಿದು ಸಾರಿನ ಉಪ್ಪಿನವರೆಗೆ ತೀರ್ಪೆಲ್ಲ ಅವರದೇ. ಹುಣಸೆಮರ ಮುಪ್ಪಾದರೂ ಹುಳಿ ಮುಪ್ಪೇ? ಮಗನಿಗೆ ಕಿವಿಯ ಹತ್ತಿರ ಕೂದಲು ಬೆಳ್ಳಗಾದರೂ “ನಿಂಗೇನ್ ಗೊತ್ತೋ ಮಲ್ಲೇಶಾ, ಸುಮ್ನಿರು” ಅನ್ನುವುದು ತಪ್ಪಿಲ್ಲ. ಒಮ್ಮೆ ಬೋರ್‌ವೆಲ್ ಮೋಟಾರ್ ನಿಂತಾಗ ಇವರು ಹೇಳಿದ ಕಾರಣವನ್ನು ಮಾವ ಕಿವಿಗೇ ಹಾಕಿಕೊಳ್ಳಲಿಲ್ಲ. ಅದೇ ಕಾರಣವನ್ನು ಮೆಕ್ಯಾನಿಕ್ ಹೇಳಿದಾಗ “ನೋಡಿದ್ಯಾ, ಕಸುಬು ಗೊತ್ತಿರೋರು ಅಂದ್ರೆ ಹೀಗಿರ್ಬೇಕು” ಎಂದು ತಲೆದೂಗಿದರು. ಅವತ್ತು ಇವರು ಅರ್ಧ ಊಟದಲ್ಲೇ ಎದ್ದು ಕೈತೊಳೆದರು.

ಹಿತ್ತಲ ಗಿಡ ಮನೆಗೆ ಮದ್ದಲ್ಲದಿದ್ದರೂ ಊರಿಗೆ ಮದ್ದಾಗಿತ್ತು. ಆಟದ ಚಿತ್ರದ ವಿಷಯದಲ್ಲಿ ಇವರು ಹೇಳಿದ್ದೇ ಶಾಸನ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಓದುವವರು, ಭದ್ರಾವತಿಯ ಹುಡುಗರು ಭಾನುವಾರ ಬಂದು ನಮ್ಮ ಹಾಲಿನಲ್ಲಿ ಸಾಲಾಗಿ ಕೂರುತ್ತಾರೆ. “ಅಣ್ಣಾ, ಡಿಎಲ್‌ಎಸ್‌ಎಸ್ ಒಳ್ಳೇದಾ, ಎಫ್‌ಎಸ್‌ಆರ್ ಒಳ್ಳೇದಾ?” ಎಂದು ಜಾತಕ ತೋರಿಸಲು ಬಂದವರ ಭಕ್ತಿಯಿಂದ ಕೇಳುತ್ತಾರೆ. ಉಪದೇಶ ಇವರದು, ಉಪ್ಪಿಟ್ಟು ನನ್ನದು.

ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ. ಯಂತ್ರ ಚಿಕ್ಕ ಚಿತ್ರ ಬರೆದು ಅದನ್ನೇ ಹಿಗ್ಗಿಸಿ ದೊಡ್ಡದೆಂದು ತೋರಿಸುವುದು ಅಪ್‌ಸ್ಕೇಲಿಂಗ್. ಇದರಲ್ಲಿ ಮೂರು ಮನೆತನ. ಡಿಎಲ್‌ಎಸ್‌ಎಸ್ ಹಾಕಿದರೆ ಬೇಲಿಯ ತಂತಿ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಕಂಪ್ಯೂಟರಿನೊಳಗೆ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡು ಅದಕ್ಕೆ ತನ್ನ ಕಂಪನಿಯದೇ ಆಗಬೇಕು. ಹಳೆಯ ಎಫ್‌ಎಸ್‌ಆರ್‌ನಲ್ಲಿ ಎಲೆಗಳು ಮಿನುಗುತ್ತವೆ, ಹೊಸದು ಪರವಾಗಿಲ್ಲ. ಎಕ್ಸ್‌ಇಎಸ್‌ಎಸ್ ಯಾರ ಮನೆಗೆ ಕರೆದರೂ ಹೋಗಿ ಉಂಡು ಬರುವ ಸಂಭಾವಿತ. ಇನ್ನು ಫ್ರೇಮ್ ಜನರೇಷನ್ ಎಂದರೆ, ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರವನ್ನು ಯಂತ್ರ ತಾನೇ ಊಹಿಸಿ ತುರುಕುವುದು. ಬಾರದ ನೆಂಟನಿಗೂ ಪಂಕ್ತಿಯಲ್ಲಿ ಎಲೆ ಹಾಕಿ, ಇಷ್ಟು ಜನ ಉಂಡರು ಎಂದು ಹೇಳಿಕೊಂಡ ಹಾಗೆ.

ಇವರ ಸಿಟ್ಟೆಲ್ಲ ಈ ಬಾರದ ನೆಂಟನ ಮೇಲೆ. ಅದು ಶುರುವಾದದ್ದು ಆಯುಧಪೂಜೆಯ ನಂತರ.

ಆಯುಧಪೂಜೆಗೆ ನಮ್ಮಲ್ಲಿ ಈಳಿಗೆಮಣೆಯಿಂದ ಕಾರಿನವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು ಆಗಬೇಕು. ಇವರು ವರ್ಕ್‌ಶಾಪಿನಲ್ಲಿ ಬೂದುಗುಂಬಳ ಒಡೆಯಲು ಹೋಗಿದ್ದರು. ಮನೆಯಲ್ಲಿ ನಾನು ಟಿವಿ, ಕಂಪ್ಯೂಟರುಗಳ ವೈರೆಲ್ಲ ಬಿಚ್ಚಿ ಧೂಳು ಒರೆಸಿದೆ, ಮಾವ ಪೂಜೆ ಮಾಡಿ ತಾವೇ ಮತ್ತೆ ಜೋಡಿಸಿದರು. ಒಂದೇ ಥರದ ಮೂತಿಯ ಎರಡು ಕೇಬಲ್ ಇದ್ದವು, ಒಂದು ದಪ್ಪ, ಒಂದು ಸಣ್ಣ. ಯಾವುದು ಯಾವುದಕ್ಕೆ ಎಂದು ನಾನು ಕೇಳಿದೆ.

“ಅದಕ್ಕೇನ್ ಯೋಚ್ನೆ ಮಾರಾಯ್ತಿ? ದೊಡ್ಡದಕ್ಕೆ ದಪ್ಪದು, ಚಿಕ್ಕದಕ್ಕೆ ಸಣ್ಣದು” ಎಂದು ದಪ್ಪ ಕೇಬಲನ್ನು ದೊಡ್ಡ ಟಿವಿಗೆ, ಸಣ್ಣದನ್ನು ಕಂಪ್ಯೂಟರಿನ ಮಾನಿಟರಿಗೆ ಚುಚ್ಚಿ, ದಪ್ಪದರ ಕುತ್ತಿಗೆಗೊಂದು ಕುಂಕುಮದ ಬೊಟ್ಟಿಟ್ಟರು. ಸಂಜೆ ಇವರು ಬಂದು ಕಂಪ್ಯೂಟರಿನ ಹಿಂದೆ ಕೈ ಹಾಕಲು ಹೋದಾಗ “ಪೂಜೆ ಆಗಿದೆ, ನಾನೇ ಜೋಡ್ಸಿದೀನಿ, ಮುಟ್ಬೇಡ” ಅಂದರು. ಮಾವ ಜೋಡಿಸಿದ್ದನ್ನು ಬಿಚ್ಚುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಇವರು ಮುಟ್ಟಲಿಲ್ಲ.

ಇವರ ಆಟಕ್ಕೆ ಫ್ರೇಮ್ ಜನರೇಷನ್ ಹೊಸದಾಗಿ ಬಂದದ್ದೂ ಆ ವಾರವೇ. ಇವರಿಗೆ ಅದನ್ನು ಹಾಕಿದರೂ ಒಂದೇ, ತೆಗೆದರೂ ಒಂದೇ. “ಕೌಂಟರ್ ಸೆಕೆಂಡಿಗೆ ನೂರಾ ನಲವತ್ತು ಚಿತ್ರ ಅಂತದೆ, ಕಣ್ಣಿಗೆ ಒಂದ್ ಚೂರೂ ವ್ಯತ್ಯಾಸ ಇಲ್ಲ. ಶುದ್ಧ ಮೋಸ ಮಾರಾಯ!” ಎಂದು ತೀರ್ಪು ಕೊಟ್ಟರು. ಹುಡುಗರು ಅದನ್ನೇ ಊರೂರಿಗೆ ಸಾರಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ!

ಕೆಲವು ತಿಂಗಳ ಮೇಲೆ ಬಂದವನು ನಿಶಾಂತ್, ಭದ್ರಾವತಿಯ ಹೊನ್ನಯ್ಯನವರ ಮಗ. ಊರಿನಲ್ಲಿ ಗೇಮಿಂಗ್ ಸೆಂಟರ್ ತೆರೆಯುವವನಿದ್ದ. ಎಲ್ಲ ಕಂಪ್ಯೂಟರಿಗೂ ಫ್ರೇಮ್ ಜನರೇಷನ್ ಇರುವ ಹೊಸ ಕಾರ್ಡು ತರಿಸಬೇಕೋ, ಇಲ್ಲದ ಹಳೆಯ ಕಾರ್ಡು ಸಾಕೋ ಎಂಬುದನ್ನು ಪೂರ್ತಿ ಇವರಿಗೇ ಬಿಟ್ಟಿದ್ದ. “ಅಣ್ಣಾ, ನೀವು ಹೇಳಿದ್ದೇ ತರಿಸ್ತೀನಿ. ಆಮೇಲೆ ವಾಪಸ್ ತಗೊಳಲ್ವಂತೆ, ನೋಡ್ಕೊಂಡು ಹೇಳಿ” ಅಂದ. ಇವರ ಎದೆ ಆ ವಾರವೆಲ್ಲ ಉಬ್ಬಿಯೇ ಇತ್ತು. ಭಾನುವಾರ ಎಲ್ಲರೆದುರು ತೋರಿಸಿ ಹೇಳುತ್ತೇನೆಂದರು. “ಅಪ್ಪಾಜೀನೂ ಕೂತು ಕೇಳ್ಲಿ” ಎಂದು ನನ್ನ ಹತ್ತಿರ ಮೆಲ್ಲಗೆ ಅಂದರು. ಇವರಿಗೆ ನಿಜವಾಗಿ ಬೇಕಾಗಿದ್ದುದು ಅದೊಂದೇ ಎಂದು ನನಗೆ ಗೊತ್ತಿತ್ತು.

ಭಾನುವಾರ ಹಾಲ್ ಜನರಿಂದ ತುಂಬಿತು. ಮಾವ ಅಧ್ಯಕ್ಷರ ಗತ್ತಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಇವರು ಬೇಲಿ ತೋರಿಸಿದರು, ಎಲೆ ತೋರಿಸಿದರು, ಆಮೇಲೆ ಫ್ರೇಮ್ ಜನರೇಷನ್ ಹಾಕಿ ತೆಗೆದು “ನೋಡಿ, ಏನಾದ್ರೂ ವ್ಯತ್ಯಾಸ ಇದ್ಯಾ?” ಅಂದರು. ಯಾರಿಗೂ ಕಾಣಲಿಲ್ಲ. ನಿಶಾಂತ್ ಮಾತ್ರ ಮಾನಿಟರಿನ ಕೆಳಗಿನ ಗುಂಡಿ ಒತ್ತಿ, ಪರದೆಯ ಮೂಲೆಯಲ್ಲಿ ಬಂದ ಅಂಕಿ ಓದಿದ.

“ಅಣ್ಣಾ, ಇದು ಸೆಕೆಂಡಿಗೆ ಅರವತ್ತೇ ಚಿತ್ರ ತೋರಿಸ್ತಿದೆಯಲ್ಲಾ. ಕಂಪ್ಯೂಟರ್ ನೂರಾ ನಲವತ್ತು ಮಾಡಿದ್ರೂ ಪರದೇಗೆ ಬರ್ಬೇಕಲ್ಲ?”

ಇವರು ಬಗ್ಗಿ ಮೇಜಿನ ಹಿಂದಿನಿಂದ ಕೇಬಲ್ ಎಳೆದರು. ಹಳೆಯ ಕಾಲದ ಸಣ್ಣ ಕೇಬಲ್. ಅರವತ್ತರ ಮೇಲೆ ಸಾಗಿಸಲು ಅದಕ್ಕೆ ಶಕ್ತಿಯಿಲ್ಲ. ತಲೆಯೆತ್ತಿ ಟಿವಿಯ ಕಡೆ ನೋಡಿದರು. ಅಲ್ಲಿ ದಪ್ಪ ಕೇಬಲ್, ಕುತ್ತಿಗೆಯಲ್ಲಿ ಒಣಗಿದ ಕುಂಕುಮ. ಯಾರು ಜೋಡಿಸಿದ್ದೆಂದು ಯಾರೂ ಕೇಳಬೇಕಾಗಿರಲಿಲ್ಲ.

ಮಾವ ಗಂಟಲು ಸರಿಮಾಡಿಕೊಂಡರು. “ಕೇಬಲ್ ಗೀಬಲ್ ಏನಿಲ್ಲ ಕಣ್ರಯ್ಯಾ. ನಮ್ ಮಲ್ಲೇಶ ಇಷ್ಟು ತಿಂಗಳು ನೋಡಿ ಹೇಳಿದಾನೆ ಅಂದ್ಮೇಲೆ ಅದು ಸರೀನೇ. ಅವನ ಮಾತು ಸುಳ್ಳಾಗಲ್ಲ. ಹಳೇ ಕಾರ್ಡೇ ತರ್ಸಪ್ಪ ನೀನು.”

ಅಯ್ಯೋ ಶಿವನೇ! ತಮ್ಮ ಕೇಬಲಿನ ಮಾನ ಉಳಿಸಿಕೊಳ್ಳಲು ಮುದುಕ ಮಗನನ್ನು ಹೊಗಳಿದ್ದೆಂದು ನನಗೆ ಗೊತ್ತು. ಆದರೂ ಹೊಗಳಿದರಲ್ಲ! ಇವರು ಸರಿಯಿದ್ದಾಗಲೆಲ್ಲ ಬಾರದ ಆ ಮಾತು, ತಪ್ಪಿದ ದಿನವೇ, ಅಷ್ಟು ಜನರೆದುರು ಬಂತು. ಇವರ ಮುಖ ಅರಳಿತು. ಸುಮ್ಮನಿದ್ದುಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹುಡುಗರೂ ಹೌದು ಹೌದೆಂದು ತಲೆಯಾಡಿಸಿದರು. ನಿಶಾಂತ್ ಮಾತ್ರ ಆರ್ಡರ್ ಕೊಡಲು ಕೈಯಲ್ಲಿ ಫೋನ್ ಹಿಡಿದು ಇವರನ್ನೇ ನೋಡುತ್ತಿದ್ದ.

“ಇಲ್ಲ ಅಪ್ಪಾಜಿ” ಅಂದರು ಇವರು. “ನಾನು ಹೇಳಿದ್ದು ತಪ್ಪು.”

ಮದುವೆಯಾಗಿ ಬಂದಾಗಿನಿಂದ ಇವರ ಬಾಯಲ್ಲಿ “ಇಲ್ಲ ಅಪ್ಪಾಜಿ” ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು. ಎದ್ದು ಹೋಗಿ ಕುಂಕುಮದ ಕೇಬಲ್ ಕಿತ್ತು ತಂದರು. ಸಣ್ಣದನ್ನು ಟಿವಿಗೆ ಹಾಕಿದರು. ಸೆಟ್ಟಿಂಗ್ ಸರಿಮಾಡಿ ಫ್ರೇಮ್ ಜನರೇಷನ್ ಹಾಕಿದರು. ರಸ್ತೆ, ಮರ, ಬೇಲಿ ಎಲ್ಲ ನಯವಾಗಿ ಹರಿದವು. ನನ್ನ ಕಣ್ಣಿಗೇ ಗೊತ್ತಾಯಿತು, ಇನ್ನು ಹುಡುಗರಿಗೆ ಗೊತ್ತಾಗದೆ ಇರುತ್ತದೆಯೇ?

“ಕಣ್ಣಿಗೆ ನಯ, ಕೈಗೆ ಚೂರು ತಡ, ಗುಂಡಿ ಒತ್ತಿದ್ದು ಒಂದ್ ಕ್ಷಣ ಬಿಟ್ಟು ಆಗತ್ತೆ” ಅಂದರು ಇವರು. “ಸುತ್ತಾಡೋ ಆಟಕ್ಕೆ ಹಾಕು, ಗುಂಡು ಹೊಡೆಯೋ ಆಟಕ್ಕೆ ತೆಗಿ. ಹೊಸಾ ಕಾರ್ಡೇ ತರ್ಸು ನಿಶಾಂತ್. ನಾ ಹೇಳಿದ್ದು ಕೇಳಿದ್ದಿದ್ರೆ ನಿನ್ನ ಮುಳುಗ್ಸಿರ್ತಿದ್ದೆ.”

“ಹಂಗಾದ್ರೆ ಯಾವುದು ಗೆದ್ದಿದ್ದು ಅಣ್ಣಾ?” ಎಂದು ಹಿಂದಿನಿಂದ ಯಾರೋ ಕೇಳಿದರು. ಇವರು ಮಾನಿಟರ್ ಆರಿಸಿದರು. ಹುಡುಗರು ಉಪ್ಪಿಟ್ಟು ತಿಂದು ಎದ್ದರು. ಮುಂದಿನ ಭಾನುವಾರ ಅರ್ಧ ಜನವೂ ಬರಲಿಲ್ಲ. ತಪ್ಪೊಪ್ಪುವ ಗುರು ಯಾರಿಗೆ ಬೇಕು?

ಕುಂಕುಮದ ಕೇಬಲ್ ಕಿತ್ತ ಭಾನುವಾರ ಮಾವ ಬೇಗನೆ ಉಂಡು ಕೋಣೆ ಸೇರಿದರು. ಮಾರನೆಯ ಸಂಜೆ ವಾರ್ತೆ ಹಾಕಿಕೊಂಡು ಕೂತವರು ಟಿವಿಯನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಮಲ್ಲೇಶಾ, ಇದಕ್ಕೆ ಈ ಸಣ್ಣ ಕೇಬಲ್ ಸಾಕೇನೋ? ನಂಗೆ ಗೊತ್ತಾಗಲ್ಲ. ನೀನೇ ಹೇಳು.”

ಒಂದು ಬೇಲಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಮನುಷ್ಯ ಬಂದು ಅಪ್ಪನ ಪಕ್ಕ ಕೂತರು. “ಸಾಕು, ಅಪ್ಪಾಜಿ” ಅಂದರು.

“ಆಯ್ತು” ಅಂದರು ಮಾವ.

ನಾನು ಅಡಿಗೆಮನೆಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಟೀ ಮಾಡಿ ತಂದೆ. ಸಕ್ಕರೆ ಹಾಕಲು ಮರೆತಿದ್ದೆ. ಸಾರಿನ ಉಪ್ಪಿಗೆ ತೀರ್ಪು ಕೊಡುವವರು, ಎಲೆಯ ಮಿನುಗಿಗೆ ತೀರ್ಪು ಕೊಡುವವರು, ಇಬ್ಬರೂ ಅಕ್ಕಪಕ್ಕ ಕೂತು ಸಪ್ಪೆ ಟೀಯನ್ನು ಸುಮ್ಮನೆ ಕುಡಿದು ಲೋಟ ಕೆಳಗಿಟ್ಟರು.