ಆಷಾಢದಲ್ಲಿ ಬಂದ ಜಕಾರ್ಡು

ದೊಡ್ಡಬಳ್ಳಾಪುರದ ನೇಕಾರರ ಸಂಘವೊಂದರಲ್ಲಿ ಆದಿನಾರಾಯಣಪ್ಪ ಆರು ವರ್ಷದಿಂದ ಹಂಗಾಮಿ ಗುಮಾಸ್ತ. ಯಾರು ಏನು ಹೇಳಿದರೂ ನಂಬುವುದು ಅವನ ಹುಟ್ಟುಗುಣ. 1968ರಲ್ಲಿ ಬೆಂಗಳೂರಿನ ಸಾಹೇಬರೊಬ್ಬರು ಹನ್ನೆರಡು ಮನೆಗಳಿಗೆ ಒಂದೊಂದು ಜಕಾರ್ಡ್ ಮಗ್ಗ ಕೊಡಿಸಿದರು. ಮೇಲೆ ತೂತು ಹೊಡೆದ ರಟ್ಟಿನ ಸರ ತಿರುಗಿದರೆ ಸಾಕು, ಕೆಳಗೆ ಸೀರೆಯ ಅಂಚಿನಲ್ಲಿ ಹೂವು, ಗಿಣಿ ತಾವಾಗಿ ಬೀಳುತ್ತಿದ್ದವು. ನೇಕಾರರು ಅದನ್ನು ಒಪ್ಪಿದರೋ ಇಲ್ಲವೋ ಕೇಳಿ ತಿಂಗಳೊಳಗೆ ವರದಿ ಕೊಡುವ ಕೆಲಸ ಆದಿನಾರಾಯಣಪ್ಪನ ತಲೆಗೆ ಬಿತ್ತು. ಹತ್ತು ಮಂದಿ ಒಪ್ಪಿದರೂ ನಿನ್ನ ಕೆಲಸ ಕಾಯಂ ಎಂದು ಸಾಹೇಬರು ಆಸೆ ಹುಟ್ಟಿಸಿದ್ದರು.

ಹನ್ನೊಂದು ಮನೆಯಲ್ಲಿ ಕಾಫಿ ಕುಡಿದು ಹನ್ನೊಂದು ‘ಹೌದು’ ಬರೆದುಕೊಂಡ. ಹನ್ನೆರಡನೆಯವಳು ಮುತ್ತಮ್ಮ, ಒಂಟಿ ಹೆಂಗಸು, ಬಾಯಿ ಜೋರು. ಕೂತುಕೋ ಎಂದೂ ಅನ್ನದೆ ಶುರು ಹಚ್ಚಿಕೊಂಡಳು. ರಟ್ಟು ಪೋಣಿಸಿದ ದಾರ ದಿನಕ್ಕೆರಡು ಸಲ ಕಡಿಯುತ್ತದಂತೆ, ಗಿಣಿಗೆ ಕೊಕ್ಕೇ ಬೀಳುವುದಿಲ್ಲವಂತೆ, ಸದ್ದಿಗೆ ತಲೆ ಸಿಡಿಯುತ್ತದಂತೆ. ‘ಇಲ್ಲ’ ಎಂದು ಬರೆದುಕೊಂಡು ಹೊರಬಿದ್ದ.

ನಾಲ್ಕು ಹೆಜ್ಜೆ ಹೋದಮೇಲೆ ಅವನಿಗೆ ಹೊಳೆಯಿತು. ಗಿಣಿಗೆ ಕೊಕ್ಕಿಲ್ಲ ಅನ್ನಬೇಕಾದರೆ ಗಿಣಿಯನ್ನು ನೇಯ್ದಿರಬೇಕಲ್ಲ. ಉಳಿದವರು ನೇಯ್ದದ್ದನ್ನು ತಾನು ನೋಡಿಯೇ ಇರಲಿಲ್ಲ. ತಿರುಗಿ ಹನ್ನೊಂದು ಮನೆಗೂ ಹೋದ. ಎಲ್ಲ ಕಡೆ ಜಕಾರ್ಡಿಗೆ ಅರಿಶಿನ ಕುಂಕುಮ ಹಚ್ಚಿ, ಪಂಚೆ ಹೊದಿಸಿ ಬಿಟ್ಟಿದ್ದರು. ಪಕ್ಕದ ಹಳೇ ಮಗ್ಗದಲ್ಲಿ ಸಾದಾ ಸೀರೆ ಓಡುತ್ತಿತ್ತು.

“ಆಷಾಢದಲ್ಲಿ ಹೊಸ ಕೆಲಸ ಹಿಡೀತಾರೇನಪ್ಪಾ?” ಎಂದ ಹಿರಿಯ ನೇಕಾರ ಸೊಣ್ಣಪ್ಪ. “ಅಂಗಂತ ಮನೆಗೆ ಬಂದು ಕೇಳ್ದೋನಿಗೆ ಚೆನ್ನಾಗಿಲ್ಲ ಅನ್ನಕ್ಕಾಯ್ತದಾ?”

ಎರಡು ದಿನ ಆದಿನಾರಾಯಣಪ್ಪನಿಗೆ ಅನ್ನ ಸೇರಲಿಲ್ಲ. ಬರೆದದ್ದನ್ನು ಹಾಗೇ ಕಳಿಸಿದರೆ ಕೆಲಸ ಕಾಯಂ, ಯಾರಪ್ಪನ ಗಂಟೂ ಹೋಗುವುದಿಲ್ಲ. ಆದರೆ ಸುಳ್ಳು ಎಂದು ಗೊತ್ತಾದಮೇಲೆ ಅವನಿಗೆ ಕೈ ಬರಲಿಲ್ಲ. ‘ಒಪ್ಪಿದವರು ಒಬ್ಬರೇ, ಮುತ್ತಮ್ಮ’ ಎಂದು ಬರೆದು, ಅವಳ ದೂರುಗಳನ್ನೆಲ್ಲ ಕೆಳಗೆ ಸೇರಿಸಿ ಕಳಿಸಿಬಿಟ್ಟ. ಸಾಹೇಬರು ಕೆಂಡಾಮಂಡಲವಾದರು. ಕೆಲಸ ಕಾಯಂ ಆಗುವ ಮಾತು ಮತ್ತೆರಡು ವರ್ಷ ಮೂಲೆ ಸೇರಿತು. ರಿಪೇರಿಯವನನ್ನು ಮಾತ್ರ ಕಳಿಸಿದರು, ಮುತ್ತಮ್ಮನ ಗಿಣಿಗೆ ಕೊಕ್ಕು ಬಂತು.

ಶ್ರಾವಣ ಹುಟ್ಟಿ ಹದಿನೈದು ದಿನಕ್ಕೆ ಅವನ ಮನೆ ಬಾಗಿಲಲ್ಲಿ ಜಗಳ. ದಾರ ಕಡಿಯಿತು, ರಟ್ಟು ಹಿಂದುಮುಂದಾಯಿತು, ನಿನ್ನನ್ನು ನಂಬಿ ಕೆಟ್ಟೆವು ಎಂದು ಹನ್ನೊಂದು ಮಂದಿಯೂ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಆದಿನಾರಾಯಣಪ್ಪನಿಗೆ ಖುಷಿ ತಡೆಯಲಾಗಲಿಲ್ಲ.

ಹೆಂಡತಿ ಪಾಪಕ್ಕ ಒಳಗಿಂದ ಬಂದು, “ಬೈಸ್ಕೊಂಡು ನಗ್ತಿದ್ದೀರಲ್ಲ, ಏನಾಯ್ತು ನಿಮಗೆ?” ಎಂದಳು.

“ಸುಮ್ನಿರೇ. ಹನ್ನೆರಡು ಮಗ್ಗಾನೂ ಓಡ್ತಾ ಅವೆ,” ಎಂದು ಹೇಳಿ, ಒಬ್ಬೊಬ್ಬರ ಬೈಗುಳವನ್ನೂ ಬರೆದುಕೊಳ್ಳಲು ಜಗಲಿಯ ಮೇಲೆ ಕೂತ.