ಉಣ್ಣೆ ಚೀಲದೊಳಗಿನ ದನಿ

ಬೆಟ್ಟಗಳ ನಡುವಿನ ನಾರಿನ್ ಪೇಟೆಯ ಬಜಾರಿನ ಹಿಂಭಾಗದಲ್ಲಿ, ಕುದುರೆ ಜೀನು ಮಾರುವ ಕಚ್ಕಿನನ ಪಕ್ಕದ ಕಬ್ಬಿಣದ ಡಬ್ಬಿಯಂಥ ಕಂಟೇನರಿನಲ್ಲಿ ಜಿಪಾರ್ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ. ಹತ್ತೊಂಬತ್ತು ವರ್ಷ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವಳು. ಈಗಲೂ ಗಿರಾಕಿಗಳನ್ನು ಹೋಂವರ್ಕ್ ಮಾಡದ ಮಕ್ಕಳಂತೆಯೇ ನೋಡುತ್ತಾಳೆ. ಅವಳ ಅಂಗಡಿಯಲ್ಲಿ ಒಂದು ಕಟ್ಟುಪಾಡಿದೆ. ಕಾಪಿ ಮಾಡಿದ ಫೈಲುಗಳನ್ನು ಗಿರಾಕಿಯ ಎದುರೇ ತೆರೆದು ತೋರಿಸಿ, ಅವರು "ಹೌದು, ನಮ್ಮದೇ" ಅಂದ ಮೇಲೆಯೇ ಡಿಸ್ಕ್ ಕೈಗೆ ಕೊಡುವುದು. ಅವಸರವಿದ್ದವರು ಗೊಣಗುತ್ತಾರೆ. ಗೊಣಗಲಿ ಬಿಡಿ, ಅವಳು ಜಗ್ಗುವವಳಲ್ಲ.

ಈ ಹಟಕ್ಕೆ ಕಾರಣವಿದೆ. ಒಂಬತ್ತು ವರ್ಷದ ಹಿಂದೆ ಲಾರಿ ಓಡಿಸುವವನೊಬ್ಬ ಮಗಳ ಫೋಟೋಗಳಿದ್ದ ಕಂಪ್ಯೂಟರ್ ತಂದಿದ್ದ. ಮಗಳು ಆಗಲೇ ತೀರಿಕೊಂಡಿದ್ದಳು. ಕಾಪಿ ಎಷ್ಟಾಯಿತೆಂದು ತೋರಿಸುವ ಪರದೆಯ ಪಟ್ಟಿ ಪೂರ್ತಿ ತುಂಬಿತು, ಜಿಪಾರ್ "ಎಲ್ಲಾ ಆಯ್ತು" ಅಂದಳು, ಕಂಪ್ಯೂಟರನ್ನು ಅಳಿಸಿ ಹೊಸದು ಮಾಡಿದಳು. ಆಮೇಲೆ ನೋಡಿದರೆ ಕಾಪಿಯಲ್ಲಿ ಒಂದು ಫೋಟೋವೂ ತೆರೆಯಲಿಲ್ಲ. ಆ ಮನುಷ್ಯ ಬೈಯಲಿಲ್ಲ. ಕೈಲಿದ್ದ ಚಹಾ ಕುಡಿದು ಮುಗಿಸಿ, "ಹಾಗಾದ್ರೆ ಇಲ್ಲ ಅನ್ನು," ಎಂದು ಟೋಪಿ ಹಾಕಿಕೊಂಡು ಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಜಿಪಾರ್ ಇವತ್ತಿಗೂ ಸಂಕಟಪಡುತ್ತಾಳೆ.

ಫೆಬ್ರವರಿಯ ಒಂದು ಸೋಮವಾರ ಅಸಿಲ್‌ಕಾನ್ ಅಪಾ ಬಂದಳು. ಎಪ್ಪತ್ತನಾಲ್ಕರ ಮುದುಕಿ, ಮೇಲಿನ ಕಣಿವೆಯ ಹಳ್ಳಿಯವಳು; ಹಿರಿಯ ಹೆಂಗಸರನ್ನು ನಮ್ಮಲ್ಲಿ ಅಪಾ ಎನ್ನುತ್ತೇವೆ. ಒಂದು ಕೈಯಲ್ಲಿ ಹಳೇ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೋರ್ಸೋಕ್ ತುಂಬಿದ ಗಂಟು. ಕೋಟಿನೊಳಗಿಂದ ಮೂರನೆಯದೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಉಣ್ಣೆ ಒತ್ತಿ ಮಾಡಿದ ದಪ್ಪ ಚೀಲ, ಅಂಚಿಗೆಲ್ಲ ಕೆಂಪು ದಾರದ ಕುರಿಕೊಂಬಿನ ಕಸೂತಿ, ನಾಲ್ಕೂ ಕಡೆ ಬಿಗಿಯಾಗಿ ಹೊಲಿದಿತ್ತು. ವೈರು ಹೋಗಲು ಮಾತ್ರ ಒಂದು ಸಣ್ಣ ಕಿಂಡಿ.

"ಇದರೊಳಗೆ ಏನಿದೆ ಅಪಾ?"

"ಖಾಲಿ ಡಿಸ್ಕು ಕಣೇ. ನನ್ನ ಮುದುಕ ಸಾಯೋ ಮುಂಚೆ ತಂದಿಟ್ಟಿದ್ದ. ದಾರೀಲಿ ಕುಲುಕಾಟ, ಚಳಿ, ಕಂಡವರ ಕಣ್ಣು. ಹಾಗೇ ಬರಿಮೈಲಿ ಕರ್ಕೊಂಡು ಬರಕ್ಕಾಗತ್ತಾ?"

ಜಿಪಾರ್ ಚೀಲವನ್ನು ತಿರುಗಿಸಿ ನೋಡಿ ಮನಸಾರೆ ಹೊಗಳಿದಳು. ಹೊಗಳದೆ ಏನು? ನಮ್ಮಲ್ಲಿ ಚಹಾ ಬಟ್ಟಲಿಗೆ ಉಣ್ಣೆ ಚೀಲ, ಉಪ್ಪಿಗೆ ಉಣ್ಣೆ ಚೀಲ, ಕನ್ನಡಿಗೆ ಉಣ್ಣೆ ಚೀಲ. ಬೆಲೆಬಾಳುವುದು ಏನಿದ್ದರೂ ಅದಕ್ಕೊಂದು ಅಂಗಿ ತೊಡಿಸದೆ ಹೆಂಗಸರಿಗೆ ನಿದ್ದೆ ಬರುವುದಿಲ್ಲ. ಜಿಪಾರಳ ಮನೆಯಲ್ಲೂ ಅವಳ ತಾಯಿ ಹೊಲಿದ ಅಂಥ ಚೀಲ ಐದಿವೆ.

ಕೆಲಸ ಒಂದೇ ಒಂದು. ಅಪಾಳ ಗಂಡ ಎಸೆಂಕುಲ್ ಆ ಕಣಿವೆಯ ನಲವತ್ತು ಮನೆಗಳ ವಂಶಾವಳಿಯನ್ನು ಬಾಯಿಪಾಠ ಬಲ್ಲವನಾಗಿದ್ದ. ಸಾಯುವ ಮೊದಲು ಮೊಮ್ಮಗಳು ಅವನನ್ನು ಕೂರಿಸಿ ಮೂರೂವರೆ ಗಂಟೆಯ ವಿಡಿಯೋ ತೆಗೆದಿದ್ದಳು. ಆ ವಿಡಿಯೋ ಇದ್ದದ್ದು ಈ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅದನ್ನು ಈ ಡಿಸ್ಕಿಗೆ ಇಳಿಸಬೇಕಿತ್ತು. ಶನಿವಾರ ಅವನು ಹೋಗಿ ವರ್ಷ ತುಂಬಿದ ಊಟ. ನಲವತ್ತು ಮನೆಯವರೂ ಬಂದು ತಮ್ಮ ತಾತಂದಿರ ಹೆಸರು ಕೇಳಬೇಕೆಂದು ಕಾದಿದ್ದರು.

ಲ್ಯಾಪ್‌ಟಾಪ್ ಶುರುವಾದಾಗಲೇ ಜಿಪಾರಳ ಮುಖ ಸಪ್ಪಗಾಯಿತು. ಒಳಗಿನಿಂದ ಟಿಕ್, ಟಿಕ್ ಎಂಬ ಸದ್ದು. ಇದು ಹೆಚ್ಚು ದಿನ ಬಾಳುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅಂಗಡಿಯ ಡಿಸ್ಕುಗಳೆಲ್ಲ, ಅವಳ ಸ್ವಂತ ಕಂಪ್ಯೂಟರೂ ಸೇರಿ, ಬೇರೆಯವರ ಫೈಲುಗಳಿಂದ ಭರ್ತಿ. ಬಿಷ್ಕೆಕ್‌ನಿಂದ ಹೊಸದು ತರಿಸೋಣವೆಂದರೆ ಘಾಟಿ ರಸ್ತೆ ಹಿಮ ಬಿದ್ದು ಮುಚ್ಚಿತ್ತು. ಇರುವುದು ಇದೊಂದೇ ದಾರಿ ಎಂದುಕೊಂಡು ಚೀಲದ ಕಿಂಡಿಗೆ ವೈರು ಸಿಕ್ಕಿಸಿ ಕಾಪಿಗೆ ಹಾಕಿದಳು. ನಿಧಾನದ ಯಂತ್ರ, ಆ ಒಂದು ವಿಡಿಯೋಗೇ ಒಂದೂವರೆ ಗಂಟೆ ಬೇಕು. ನಲವತ್ತನೇ ನಿಮಿಷಕ್ಕೆ ಡಿಸ್ಕ್ ಪರದೆಯಿಂದ ಮಾಯವಾಯಿತು. ಮತ್ತೆ ಮೊದಲಿನಿಂದ.

ಮಂಗಳವಾರ ವೈರು ಬದಲಿಸಿದಳು. ನಲವತ್ತು ನಿಮಿಷ, ಮಾಯ. ಬುಧವಾರ ವೈರನ್ನು ಲ್ಯಾಪ್‌ಟಾಪಿನ ಬೇರೆ ಕಿಂಡಿಗೆ ಚುಚ್ಚಿದಳು, ಯಂತ್ರ ನಡುವೆ ಮಲಗದಂತೆ ಸೆಟ್ಟಿಂಗ್ ಬದಲಿಸಿದಳು, ದೊಡ್ಡ ಫೈಲು ಹಿಡಿಸುವಂತೆ ಡಿಸ್ಕನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿದಳು. ಮಾಯ. ಪ್ರತಿ ಸಲವೂ ಲ್ಯಾಪ್‌ಟಾಪಿನ ಟಿಕ್ ಟಿಕ್ ಜೋರಾಗುತ್ತಿತ್ತು. ಜಿಪಾರಳಿಗೆ ಹೆದರಿಕೆ ಹತ್ತಿತು. ಲಾರಿಯವನ ಟೋಪಿ ಕಣ್ಣೆದುರು ಬರತೊಡಗಿತು.

ಪಕ್ಕದ ಕಚ್ಕಿನ್ ತಲೆ ಹಾಕಿದ. "ಏನ್ ಟೀಚರಮ್ಮಾ, ಇನ್ನೂ ಎದ್ದಿಲ್ವಾ ನಿನ್ನ ಕುದುರೆ? ನನ್ ಹತ್ರ ತಂದಿದ್ರೆ ಹಲ್ಲು ನೋಡಿ ವಯಸ್ಸು ಹೇಳ್ತಿದ್ದೆ."

"ಮೊದ್ಲು ನಿಮ್ ಹಲ್ಲು ಎಣಿಸ್ಕೊಳ್ಳಿ ಅಣ್ಣಾ, ನಾಲ್ಕಾದ್ರೂ ಉಳಿದಿದ್ಯಾ ಅಂತ," ಎಂದಳು ಜಿಪಾರ್. ಅಪಾ ತಲೆವಸ್ತ್ರದ ತುದಿಯನ್ನು ಬಾಯಿಗೆ ಹಿಡಿದು ನಕ್ಕಳು.

ಅಪಾ ದಿನವೂ ಬರುತ್ತಿದ್ದಳು, ಪೇಟೆಯಲ್ಲಿ ಮಗಳ ಮನೆಯಲ್ಲಿ ಇಳಿದುಕೊಂಡಿದ್ದಳು. ಒಲೆಯ ಪಕ್ಕ ಕೂತು ಬೋರ್ಸೋಕ್ ಮುರಿಯುತ್ತ, ಬುಧವಾರ ಸಂಜೆ ಮೆಲ್ಲನೆ ಹೇಳಿದಳು: "ಊರಿನೋರಿಗೆ ತಾತಂದಿರು ಬೇಕು. ಸಿಗಲಿ, ಪಾಪ. ನನಗೆ ಬೇಕಾಗಿರೋದು ಎರಡೇ ಮಾತು, ಮಗಳೇ. ನಡುವೆ ಎಲ್ಲೋ ಅವನು ತಾತಂದಿರನ್ನ ನಿಲ್ಲಿಸಿ ನನ್ನ ಕೂಗ್ತಾನೆ. ಚಹಾ ಆರಿಹೋಯ್ತು ಅಂತ. ಐವತ್ತೆರಡು ವರ್ಷ ಅದನ್ನೇ ಅಂದ, ನನಗೆ ರೇಗಿ ರೇಗಿ ಸಾಕಾಗಿತ್ತು. ಈಗ ಅದಿಲ್ದೆ ಮನೆ ಬಿಕೋ ಅನ್ನತ್ತೆ."

ಜಿಪಾರ್ ಅವಳ ಬಟ್ಟಲಿಗೆ ಚಹಾ ಬಗ್ಗಿಸಿದಳು.

ಗುರುವಾರ ಬೆಳಿಗ್ಗೆ ನೋಡಿದರೆ ಒಲೆಯ ಹೊಗೆ ಕೊಳವೆಯಲ್ಲಿ ಹಿಮ ಗಟ್ಟಿಯಾಗಿ ಕೂತಿತ್ತು, ಬೆಂಕಿ ಹಚ್ಚುವ ಹಾಗಿರಲಿಲ್ಲ. ಕಂಟೇನರ್ ಮಂಜುಗಡ್ಡೆ. ಜಿಪಾರ್ ಎರಡು ಕೋಟು ಹಾಕಿಕೊಂಡು ಕಾಪಿ ಶುರು ಮಾಡಿದಳು. ನಲವತ್ತು ನಿಮಿಷ ದಾಟಿತು. ಐವತ್ತು, ಅರವತ್ತು. ಅಷ್ಟರಲ್ಲಿ ಕಚ್ಕಿನ್ ಕೊಳವೆ ಬಡಿದು ಹಿಮ ಉದುರಿಸಿ, ತನ್ನ ಒಲೆಯಿಂದಲೇ ಕೆಂಡ ತಂದು ಇವಳ ಒಲೆಗೆ ಸುರಿದ, ಒಳ್ಳೆಯವನು. ಒಳಗೆ ಹಿತವಾಗಿ ಕಾವೇರಿತು. ಎಪ್ಪತ್ತನೇ ನಿಮಿಷಕ್ಕೆ ಡಿಸ್ಕ್ ಮಾಯವಾಯಿತು. ತಕ್ಷಣ ಇನ್ನೊಮ್ಮೆ ಹಾಕಿದಳು. ಈ ಸಲ ಇಪ್ಪತ್ತೈದೇ ನಿಮಿಷ.

ಚಳಿಯಲ್ಲಿ ಎಪ್ಪತ್ತು, ಬೆಚ್ಚಗಾದ ಮೇಲೆ ಇಪ್ಪತ್ತೈದು. ಜಿಪಾರ್ ಹಣೆ ಚಚ್ಚಿಕೊಂಡಳು. ಉಣ್ಣೆ ಶಾಖವನ್ನು ಹೊರಗೆ ಬಿಡುವುದಿಲ್ಲವೆಂದು ಹತ್ತೊಂಬತ್ತು ವರ್ಷ ಆರನೇ ಕ್ಲಾಸಿಗೆ ಪಾಠ ಹೇಳಿದವಳು ಇವಳೇ! ಚೀಲದ ಮೇಲೆ ಅಂಗೈ ಒತ್ತಿದಳು. ಹೊರಗೆ ಏನೂ ತಿಳಿಯದು. ಕಿಂಡಿಯಲ್ಲಿ ಬೆರಳು ತೂರಿಸಿದರೆ ಚುರುಕ್ ಎಂದಿತು. ಪಾಪದ ಡಿಸ್ಕು ಬೆವರಲೂ ಆಗದೆ ಒಳಗೇ ಬೇಯುತ್ತಿತ್ತು.

"ಅಪಾ," ಎಂದಳು, ತಲೆ ತಗ್ಗಿಸಿ. "ತಪ್ಪು ನಂದು. ಮೊದಲ ದಿನಾನೇ ಹೊಳೀಬೇಕಿತ್ತು. ಇದರ ಅಂಗಿ ಬಿಚ್ಚಬೇಕು. ಹೊಲಿಗೆ ಕತ್ತರಿಸಬೇಕು."

ಅಪಾ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಬಹಳ ಹೊತ್ತು ಕಸೂತಿಯ ಮೇಲೆ ಬೆರಳಾಡಿಸಿದಳು. "ಈ ಉಣ್ಣೆ ಅವನು ಕೊನೇ ಸಲ ಕುರಿ ಮೈ ಬೋಳಿಸಿದಾಗಿಂದು," ಎಂದಳು. "ಬಿಚ್ಚೋದೇ ಬೇಡ ಅಂತ ಇಷ್ಟು ಬಿಗಿ ಹೊಲಿದೆ."

ಅಂಥ ಹೊಲಿಗೆಗೆ ಕತ್ತರಿ ಹಾಕು ಎಂದು ಹಿರಿಯರಿಗೆ ಹೇಳುವುದು ಜಿಪಾರಳಿಗೆ ಎಷ್ಟು ಕಷ್ಟವಾಗಿತ್ತೋ ದೇವರಿಗೇ ಗೊತ್ತು. ಕೊನೆಗೆ ಅಪಾಳೇ ಮೂಗು ಒರೆಸಿಕೊಂಡು ನೆಟ್ಟಗೆ ಕೂತಳು.

"ನಮ್ಮ ಐದು ಮಕ್ಕಳಿಗೂ ಮೊದಲ ಹೆಜ್ಜೆ ಇಡೋವಾಗ ಕಾಲಿಗೆ ದಾರ ಕಟ್ಟಿ, ಊರಿನೋರಿಗೆ ಓಟ ಇಟ್ಟಿದ್ವಿ. ಗೆದ್ದೋರು ದಾರ ಕತ್ತರಿಸಿದ್ರು, ಮಕ್ಕಳು ನಡೆದ್ವು. ಇದು ಆರನೇದು ಅಂತ ತಿಳ್ಕೋತೀನಿ. ಕತ್ತರಿಸು. ಆದ್ರೆ ಓಡದೆ ಕತ್ತರಿಸೋ ಹಾಗಿಲ್ಲ."

"ಈ ವಯಸ್ಸಲ್ಲಾ? ಹಿಮದಲ್ಲಾ?"

"ಓಡು ಅಂದೆ!"

ಕಚ್ಕಿನ್ ಆಗಲೇ ಬಾಗಿಲಲ್ಲಿ ಪ್ಯಾಂಟು ಮೇಲೆಳೆದುಕೊಂಡು ನಿಂತಿದ್ದ. ಐವತ್ತೊಂದರ ಟೀಚರೂ ಅರವತ್ತರ ಜೀನುಗಾರನೂ ಎರಡೆರಡು ಕೋಟು ಹೊತ್ತು, ನೀರಿನ ಪಂಪಿನವರೆಗೆ ಓಡಿ, ಜಾರುತ್ತ ಏದುತ್ತ ಹಿಂದಿರುಗಿದರು. ಬಜಾರಿಗೆ ಬಜಾರೇ ಹೊರಬಂದು ಕೇಕೆ ಹಾಕಿತು. ಜಿಪಾರ್ ಗೆದ್ದಳು. ಮಂಡಿ ಹಿಡಿದುಕೊಂಡಿತೆಂದು ಕಚ್ಕಿನ್ ಈಗಲೂ ವಾದಿಸುತ್ತಾನೆ. ಬೇಕೆಂದೇ ಸೋತ ಎಂದು ನಾನು ಹೇಳುತ್ತೇನೆ. ತನ್ನ ತೊಗಲು ಕೊಯ್ಯುವ ಚಾಕುವನ್ನು ಒರೆಸಿ ಕೊಟ್ಟವನೂ ಅವನೇ. ಜಿಪಾರ್ ಕಸೂತಿಗೆ ಒಂದಿಷ್ಟೂ ತಾಗದಂತೆ ದಾರವನ್ನಷ್ಟೇ ಕತ್ತರಿಸಿದಳು. ಡಿಸ್ಕ್ ಆಗತಾನೇ ಒಲೆಯಿಂದ ತೆಗೆದ ರೊಟ್ಟಿಯಷ್ಟು ಬಿಸಿಯಿತ್ತು.

ಅದನ್ನು ಆರಲು ಬಿಟ್ಟು, ಕಿಟಕಿಯ ತಣ್ಣನೆಯ ಕಬ್ಬಿಣದ ಮೇಲಿಟ್ಟು, ಒಲೆ ಆರಿಸಿ, ಕಾಪಿಗೆ ಹಾಕಿದಳು. ಮೂವರೂ ಕೋಟಿನೊಳಗೆ ಮುದುರಿಕೊಂಡು ಕೂತರು. ಟಿಕ್ ಟಿಕ್ ಸದ್ದು ಈಗ ಕಟ ಕಟ ಎನ್ನುತ್ತಿತ್ತು. ಒಂದು ಗಂಟೆ ಮೂವತ್ನಾಲ್ಕು ನಿಮಿಷಕ್ಕೆ ಪಟ್ಟಿ ತುಂಬಿತು. ಆ ಸಂಜೆ ಆರಿಸಿದ ಲ್ಯಾಪ್‌ಟಾಪ್ ಮತ್ತೆಂದೂ ಏಳಲಿಲ್ಲ.

"ಆಯ್ತಾ?" ಎಂದಳು ಅಪಾ.

"ಈಗಲೇ ಹೇಳಲ್ಲ," ಎಂದಳು ಜಿಪಾರ್. ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ವಿಡಿಯೋ ತೆರೆದಳು. ಎಸೆಂಕುಲ್ ಬಿಳಿ ಟೋಪಿಯಲ್ಲಿ ಕೂತು ಯಾರದೋ ತಾತನ ತಾತನ ಹೆಸರು ಹೇಳುತ್ತಿದ್ದ. ಅವಳು ಅಲ್ಲಲ್ಲಿ ಮುಂದಕ್ಕೆ ಸರಿಸಿ ಪರೀಕ್ಷಿಸುತ್ತ ಹೋದಳು. ಎರಡು ಗಂಟೆ ಹನ್ನೊಂದನೇ ನಿಮಿಷದಲ್ಲಿ ಮುದುಕ ಏಳನೇ ತಾತನ ಹತ್ತಿರ ಬಂದು ನಿಂತ. ಪಕ್ಕದ ಬಟ್ಟಲನ್ನು ಮುಟ್ಟಿ ನೋಡಿದ. ಹುಬ್ಬು ಗಂಟಿಕ್ಕಿದ.

"ಅಸಿಲ್! ಎಲ್ಲಿದ್ದೀಯೇ? ಚಹಾ ಆರಿಹೋಯ್ತಲ್ಲ!"

"ಬಂದೆ, ಬಂದೆ," ಎಂದಳು ಅಪಾ, ಒಲೆಯ ಮೇಲಿದ್ದ ಕೆಟಲಿಗೆ ಕೈ ಹಾಕುತ್ತ ಅರ್ಧ ಎದ್ದೇಬಿಟ್ಟಳು.

ಕೆಟಲಿನ ಹಿಡಿ ತಣ್ಣಗಿತ್ತು. ಅವಳು ಅದನ್ನು ಹಿಡಿದುಕೊಂಡೇ ಪರದೆಯತ್ತ ತಿರುಗಿದಳು.

"ಹೌದು," ಎಂದಳು ಜಿಪಾರಳಿಗೆ. "ನಮ್ಮೋನೇ."